ಕೆಲಸ ಬಿಡದೆ ಕ್ಲಿನಿಕಲ್ ಫಾರ್ಮಸಿ ಓದು: ಕೇಸ್ ಬರೆಯುವುದು ಹೇಗೆ?

ಡಾಕ್ಟರು ಬರೆದ ಔಷಧದ ಚೀಟಿ ಕೈಗೆ ಬಂದ ಕೂಡಲೇ ಕಣ್ಣು ಡೋಸಿನ ಮೇಲೆ ಹೋಗುತ್ತದೆ. ಕೌಂಟರಿನಲ್ಲೋ ವಾರ್ಡಿನಲ್ಲೋ ವರ್ಷಗಟ್ಟಲೆ ದುಡಿದ ಫಾರ್ಮಸಿಸ್ಟಿಗೆ ಇದು ರಕ್ತಗತ. ರೋಗಿಯ ಔಷಧ ಚಿಕಿತ್ಸೆಯನ್ನು ಪರಿಶೀಲಿಸುವುದನ್ನು ಕಲಿಸುವ ಸ್ನಾತಕೋತ್ತರ ಕ್ಲಿನಿಕಲ್ ಫಾರ್ಮಸಿಗೆ ಸೇರಿದವರ ಮೊದಲ ಕೇಸ್, ಅಂದರೆ ಒಬ್ಬ ರೋಗಿಯ ಔಷಧಗಳ ಬಗ್ಗೆ ಬರೆದೊಪ್ಪಿಸುವ ವರದಿ, ತಿದ್ದುಪಡಿಗೆ ವಾಪಸು ಬರುವುದೂ ಬಹುಮಟ್ಟಿಗೆ ಈ ಅಭ್ಯಾಸದಿಂದಲೇ. ಕೋರ್ಸ್ ಬಯಸುವ ಕ್ರಮ ತಿರುವುಮುರುವು: ಮೊದಲು ರೋಗಿ, ಆಮೇಲೆ ಅವರಿಗೆ ಏನು ಬೇಕೆಂಬ ನಿಮ್ಮ ತೀರ್ಮಾನ, ಕೊನೆಗೆ ಚೀಟಿ.

ಶುಲ್ಕ ಕಟ್ಟುವ ಮೊದಲು ಎರಡು ವಿಷಯ ಖಚಿತಪಡಿಸಿಕೊಳ್ಳಿ. ಕೇಸ್ ಶೀಟ್ ಮತ್ತು ಲ್ಯಾಬ್ ರಿಪೋರ್ಟ್ ನೋಡಲು ನಿಮ್ಮ ಕೆಲಸದ ಜಾಗದಲ್ಲಿ ಲಿಖಿತ ಅನುಮತಿ ಸಿಗಬೇಕು. ವಾರಕ್ಕೊಮ್ಮೆ ಅರ್ಧ ಗಂಟೆ ನಿಮ್ಮೊಡನೆ ಕೂರಲು ಒಪ್ಪುವ ಅನುಭವಿ ಮಾರ್ಗದರ್ಶಕರು ಇರಬೇಕು. ಔಷಧ ಅಂಗಡಿಯಲ್ಲಿರುವವರಿಗೆ ಲ್ಯಾಬ್ ರಿಪೋರ್ಟ್ ಸಿಗುವುದೇ ಕಷ್ಟ. ಯಾವುದಾದರೂ ಆಸ್ಪತ್ರೆಯಲ್ಲಿ ವಾರಕ್ಕೆ ಒಂದೆರಡು ಪಾಳಿ ಕೂರುವ ಏರ್ಪಾಡು ಮೊದಲೇ ಆಗಿರಲಿ. ತರಗತಿ ಬಿಟ್ಟು ಓದಿಗೆ ವಾರಕ್ಕೆ ಎಂಟು ಗಂಟೆಯಾದರೂ ಬೇಕು. ರಾತ್ರಿಪಾಳಿ ಮುಗಿಸಿ ಬಂದ ಬೆಳಗನ್ನು ಆ ಲೆಕ್ಕಕ್ಕೆ ಸೇರಿಸಬೇಡಿ.

ಔಷಧದ ಪಟ್ಟಿ: ಒಬ್ಬರ ಮಾತು ಸಾಲದು

ಮೊದಲ ಕೇಸಿಗೆ ಐದಾರು ಔಷಧ ತೆಗೆದುಕೊಳ್ಳುವ, ಕನಿಷ್ಠ ಮೂರು ದಿನ ವಾರ್ಡಿನಲ್ಲಿ ಇರುವ ರೋಗಿಯನ್ನು ಆರಿಸಿ. ಅಪರೂಪದ ಕಾಯಿಲೆಯ ಹಿಂದೆ ಹೋದರೆ ಬರಹವೆಲ್ಲ ಆ ಕಾಯಿಲೆಯ ವಿವರಣೆಗೇ ಖರ್ಚಾಗಿ, ಔಷಧದ ಬಗ್ಗೆ ನಿಮ್ಮ ಯೋಚನೆಗೆ ಜಾಗವೇ ಉಳಿಯುವುದಿಲ್ಲ.

ಪಟ್ಟಿಗೆ ಕನಿಷ್ಠ ಎರಡು ಮೂಲ ಬೇಕು: ರೋಗಿ ಅಥವಾ ಮನೆಯವರ ಮಾತು ಒಂದು, ಹಳೆಯ ಚೀಟಿ ಅಥವಾ ಮನೆಯಿಂದ ತಂದ ಸ್ಟ್ರಿಪ್‌ಗಳು ಇನ್ನೊಂದು. ‘ಯಾವ ಔಷಧ ತಗೋತೀರಿ?’ ಎಂದು ಕೇಳಿದರೆ ಮಾತ್ರೆಗಳ ಹೆಸರಷ್ಟೇ ಬರುತ್ತದೆ. ಕಣ್ಣಿನ ಹನಿ, ಇನ್‌ಹೇಲರ್, ಇನ್ಸುಲಿನ್, ನಿದ್ದೆ ಮಾತ್ರೆ, ನಾಟಿ ಔಷಧ ಇವನ್ನೆಲ್ಲ ಜನ ಔಷಧದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದೊಂದನ್ನೂ ಹೆಸರು ಹಿಡಿದು ಕೇಳಿ. ‘ಬೆಳಿಗ್ಗೆ ಎದ್ದ ಮೇಲೆ ಮೊದಲು ಯಾವುದು? ಊಟಕ್ಕೆ ಮುಂಚೆ?’ ಎಂದು ದಿನದ ಜಾಡು ಹಿಡಿದು ಹೋದರೆ ಇನ್ನೂ ಒಳ್ಳೆಯದು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಕಂಡರೆ ವಾರದ ಯಾವ ದಿನ ಎಂದು ಕೇಳಿ ಬರೆದುಕೊಳ್ಳಿ. ವಾರಕ್ಕೊಮ್ಮೆಯ ಈ ಮಾತ್ರೆ ಚಾರ್ಟಿನಲ್ಲಿ ದಿನಕ್ಕೊಮ್ಮೆ ಎಂದಾದರೆ ಜೀವಕ್ಕೇ ಕುತ್ತು.

ಕಾಣದ ಸಮಸ್ಯೆ ಹುಡುಕುವುದು

ಫಾರ್ಮಸಿ ವಿದ್ವಾಂಸರಾದ ಹೆಪ್ಲರ್ ಮತ್ತು ಸ್ಟ್ರ್ಯಾಂಡ್ 1990ರಲ್ಲಿ ಔಷಧ ಸಂಬಂಧಿ ಸಮಸ್ಯೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ಹೆಚ್ಚು ಡೋಸ್, ಕಡಿಮೆ ಡೋಸ್, ಇಂಟರ್‌ಆ್ಯಕ್ಷನ್ (ಒಂದು ಔಷಧ ಇನ್ನೊಂದರ ಕೆಲಸಕ್ಕೆ ಅಡ್ಡಬರುವುದು ಅಥವಾ ಅದನ್ನು ಹೆಚ್ಚಿಸುವುದು) ನಿಮ್ಮ ಕಣ್ಣಿಗೆ ತಾವಾಗಿಯೇ ಬೀಳುತ್ತವೆ. ತಪ್ಪಿಹೋಗುವುದು ಎರಡು: ಕಾಯಿಲೆಯಿದ್ದೂ ಔಷಧವಿಲ್ಲದ್ದು, ಔಷಧವಿದ್ದೂ ಕಾರಣವಿಲ್ಲದ್ದು. ಮಾರ್ಫಿನ್ ಶುರುವಾಗಿದೆ, ಅದು ತರುವ ಮಲಬದ್ಧತೆಗೆ ಏನೂ ಬರೆದಿಲ್ಲ. ನೋವಿನ ಮಾತ್ರೆ ನಿಂತು ವರ್ಷವಾಗಿದೆ, ಅದರ ಜೊತೆಗೆಂದು ಹೊಟ್ಟೆಯ ರಕ್ಷಣೆಗೆ ಕೊಟ್ಟ ಪ್ಯಾಂಟೊಪ್ರಜೋಲ್ ಇನ್ನೂ ನಡೆದಿದೆ. ಚೀಟಿಯನ್ನೇ ದಿಟ್ಟಿಸುತ್ತ ಕೂತರೆ ಇಲ್ಲದ ಔಷಧ ಹೇಗೆ ಕಂಡೀತು?

ಇದಕ್ಕೊಂದು ಸರಳ ಉಪಾಯ. ಹಾಳೆಯ ಎಡಕ್ಕೆ ರೋಗಿಯ ತೊಂದರೆಗಳು, ಬಲಕ್ಕೆ ಔಷಧಗಳು; ಗೆರೆ ಎಳೆದು ಜೋಡಿಸಿ. ಗೆರೆಯಿಲ್ಲದೆ ಉಳಿದವೇ ನಿಮ್ಮ ಪ್ರಶ್ನೆಗಳು. ಗೆರೆ ಇರುವವನ್ನೂ ಒಮ್ಮೆ ಅನುಮಾನಿಸಿ: ರಕ್ತದೊತ್ತಡದ ಮಾತ್ರೆ ಆಮ್ಲೊಡಿಪಿನ್‌ನಿಂದ ಪಾದ ಊದಿ, ಊತಕ್ಕೆ ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಬಂದು, ಅದರಿಂದ ಪೊಟ್ಯಾಸಿಯಂ ಇಳಿದು, ಕೊನೆಗೆ ಪೊಟ್ಯಾಸಿಯಂ ಸಿರಪ್ಪೂ ಸೇರಿಕೊಂಡಿರಬಹುದು. ಮೂರು ಗೆರೆಗಳೂ ಸರಿಯಾಗಿಯೇ ಕಾಣುತ್ತವೆ, ಮೂಲ ಮಾತ್ರ ಒಂದೇ ಮಾತ್ರೆ.

ಒಂದು ಲೆಕ್ಕ, ಹತ್ತಿರದಿಂದ

78 ವರ್ಷದ ಮಹಿಳೆ, ತೂಕ 48 ಕಿಲೊ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಚುಚ್ಚುಮದ್ದು ಎನಾಕ್ಸಪರಿನ್ 50 ಮಿ.ಗ್ರಾಂ 12 ಗಂಟೆಗೊಮ್ಮೆ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಡೆಸಿಲೀಟರಿಗೆ 1.2 ಮಿ.ಗ್ರಾಂ, ಲ್ಯಾಬ್ ರಿಪೋರ್ಟಿನ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) 46. ಗಾಬರಿಯಾಗುವಂಥದ್ದೇನಿಲ್ಲ ಎನಿಸುತ್ತದೆ.

ಈಗ ಕ್ರಿಯಾಟಿನಿನ್ ಕ್ಲಿಯರೆನ್ಸ್, ಅಂದರೆ ಕಿಡ್ನಿ ಕ್ರಿಯಾಟಿನಿನ್ ಹೊರಹಾಕುವ ವೇಗ, ಅಂದಾಜು ಮಾಡುವ 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಹಾಕಿ. 140ರಿಂದ ವಯಸ್ಸು ಕಳೆದರೆ 62. ಅದನ್ನು ತೂಕ 48ರಿಂದ ಗುಣಿಸಿದರೆ 2976. ಇದನ್ನು 72 ಗುಣಿಸು 1.2, ಅಂದರೆ 86.4ರಿಂದ ಭಾಗಿಸಿದರೆ 34.4. ಹೆಣ್ಣಾದ್ದರಿಂದ 0.85ರಿಂದ ಗುಣಿಸಿ: ನಿಮಿಷಕ್ಕೆ ಸುಮಾರು 29 ಮಿ.ಲೀ. ಲ್ಯಾಬಿನ ಅಂಕಿ 1.73 ಚದರ ಮೀಟರ್ ಮೈಯಳತೆಗೆ ಹೊಂದಿಸಿದ್ದು. ಸಣ್ಣ ಮೈಕಟ್ಟಿನ ವೃದ್ಧರಲ್ಲಿ ಅದು ಕಿಡ್ನಿಯ ಕೆಲಸವನ್ನು ಹಿಗ್ಗಿಸಿ ತೋರಿಸುತ್ತದೆ. ಎನಾಕ್ಸಪರಿನ್‌ನ ಡೋಸ್ ಮಿತಿ 30 ಎಂದು ನಿಗದಿಯಾಗಿರುವುದು ಕ್ರಿಯಾಟಿನಿನ್ ಕ್ಲಿಯರೆನ್ಸಿನ ಲೆಕ್ಕದಲ್ಲಿ. ಅದಕ್ಕಿಂತ ಕೆಳಗಾದರೆ ಕಿಲೊಗೆ 1 ಮಿ.ಗ್ರಾಂ ದಿನಕ್ಕೆ ಒಂದೇ ಸಲ.

ತಪ್ಪುವ ಜಾಗಗಳು ಮೂರು. ರಿಪೋರ್ಟ್ ಮೈಕ್ರೊಮೋಲ್‌ನಲ್ಲಿದ್ದರೆ 72 ಬಳಸುವಂತಿಲ್ಲ, 88.4ರಿಂದ ಭಾಗಿಸಿ ಮಿ.ಗ್ರಾಂಗೆ ತನ್ನಿ. ತೂಕವನ್ನು ಹಳೆಯ ಕೇಸ್ ಶೀಟಿನಿಂದ ಎತ್ತಬೇಡಿ, ಇವತ್ತು ತೂಗಿಸಿ. ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಏರುತ್ತಿದ್ದರೆ ಯಾವ ಸೂತ್ರವನ್ನೂ ನಂಬಬೇಡಿ. ಕಿಡ್ನಿಯ ನಿಜಸ್ಥಿತಿ ಲೆಕ್ಕಕ್ಕಿಂತ ಕೆಟ್ಟದಾಗಿರುತ್ತದೆ.

29ಕ್ಕೂ 31ಕ್ಕೂ ದೇಹಕ್ಕೆ ವ್ಯತ್ಯಾಸ ಗೊತ್ತಾಗದು, ನಿಜ. ಆದರೂ ಒಂದು ನಿಲುವಿಗೆ ಬಂದು ಅದನ್ನು ಸಮರ್ಥಿಸಬೇಕು. ‘ಕಿಡ್ನಿ ಸ್ಥಿತಿ ಗಮನಿಸುವುದು ಒಳಿತು’ ಎಂಬ ಸಾಲು ಡಾಕ್ಟರಿಗೂ ಉಪಯೋಗವಿಲ್ಲ, ಪರೀಕ್ಷಕರಿಗೂ ಬೇಡ. ಹೀಗೆ ಬರೆಯಿರಿ: ‘ಎನಾಕ್ಸಪರಿನ್ 50 ಮಿ.ಗ್ರಾಂ 24 ಗಂಟೆಗೊಮ್ಮೆಗೆ ಇಳಿಸಲು ಸಲಹೆ. ಕಾರಣ: ಕ್ಲಿಯರೆನ್ಸ್ 29, ವಯಸ್ಸು 78, ರಕ್ತಸ್ರಾವದ ಅಪಾಯ. 48 ಗಂಟೆಯೊಳಗೆ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಮತ್ತೆ ನೋಡುವುದು.’ ಎರಡು ದಿನ ಬಿಟ್ಟು ಏನಾಯಿತು ಎಂಬುದನ್ನೂ ಸೇರಿಸಿ. ಸಲಹೆಯನ್ನು ಡಾಕ್ಟರು ಒಪ್ಪದಿದ್ದರೆ ಅದನ್ನೂ, ಅವರು ಕೊಟ್ಟ ಕಾರಣವನ್ನೂ ಬರೆಯಿರಿ. ಅದಕ್ಕಾಗಿ ಯಾರೂ ಅಂಕ ಕಳೆಯುವುದಿಲ್ಲ.

ಉಳಿದ ಕೆಲಸಗಳು

ಕೇಸಿನ ಟಿಪ್ಪಣಿ ಅದೇ ದಿನ ಮೂರು ಸಾಲಾದರೂ ಬರೆದಿಡಿ. ತಿಂಗಳ ಕೊನೆಗೆ ನೆನಪಿನಿಂದ ಬರೆದದ್ದು ಓದುವಾಗಲೇ ಗೊತ್ತಾಗುತ್ತದೆ. ಹೆಸರು, ನೋಂದಣಿ ಸಂಖ್ಯೆ, ಹಾಸಿಗೆ ಸಂಖ್ಯೆ, ದಿನಾಂಕ ತೆಗೆದುಹಾಕಿ. ದಿನಾಂಕದ ಬದಲು ‘1ನೇ ದಿನ, 3ನೇ ದಿನ’ ಸಾಕು. ಕೇಸ್ ಶೀಟಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳುವ ಚಾಳಿಯಂತೂ ಬೇಡವೇ ಬೇಡ.

ಸಂಶೋಧನಾ ಲೇಖನ ಓದುವಾಗ ‘ಅಪಾಯ ಶೇ 25 ಕಡಿಮೆ’ ಎಂದಿದ್ದರೆ ಯಾವುದರಲ್ಲಿ ಶೇ 25 ಎಂದು ನೋಡಿ. 100ರಲ್ಲಿ 4 ಇದ್ದದ್ದು 3 ಆದರೂ ಶೇ 25ರ ಇಳಿಕೆಯೇ, ಆದರೆ ಒಬ್ಬರಿಗೆ ಲಾಭವಾಗಲು 100 ಮಂದಿಗೆ ಔಷಧ ಕೊಡಬೇಕು. ಆಮೇಲೆ ಯಾರನ್ನು ಅಧ್ಯಯನದಿಂದ ಹೊರಗಿಟ್ಟಿದ್ದರು ಎಂಬ ಸಾಲು ಹುಡುಕಿ. ಕಿಡ್ನಿ ಸೋತ 78ರ ಹೆಂಗಸು ಎಷ್ಟೋ ಸಲ ಸಿಗುವುದು ಅಲ್ಲೇ.

ಕೊನೆಯ ವರ್ಷದ ಪ್ರಬಂಧಕ್ಕೆ ವಿಷಯ ಚಿಕ್ಕದಾಗಿರಲಿ, ನೈತಿಕ ಸಮಿತಿಗೆ ಅರ್ಜಿ ಬೇಗ ಹೋಗಲಿ. ಅನುಮತಿ ಬಂದ ಮೇಲೆ ಮಾಹಿತಿ ನಮೂನೆಯನ್ನು ಮೊದಲು ಹತ್ತು ಕೇಸ್ ಶೀಟ್‌ಗಳಲ್ಲಿ ತುಂಬಿ ನೋಡಿ. ಹತ್ತರಲ್ಲಿ ಐದರಲ್ಲಿ ರೋಗಿಯ ತೂಕವೇ ಬರೆದಿಲ್ಲವೆಂದರೆ ತೂಕ ಆಧರಿಸಿದ ಡೋಸ್ ಲೆಕ್ಕದ ವಿಷಯವನ್ನು ಅಲ್ಲಿಗೇ ಕೈಬಿಡಿ; ತೂಕ ಯಾಕೆ ದಾಖಲಾಗುತ್ತಿಲ್ಲ ಎಂಬುದನ್ನೇ ವಿಷಯ ಮಾಡಿಕೊಳ್ಳಬಹುದು.