ನೆಗಡಿಗೆ ಲಸಿಕೆ ಮಾಡಲು ಹೊರಟಾಗ: ನನ್ನ ಅನುಭವ

ನೆಗಡಿ ಲಸಿಕೆಯ ಮೇಲೆ ಕೆಲಸ ಮಾಡ್ತೀನಿ ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. ಇಷ್ಟು ಸಣ್ಣ ಕಾಯಿಲೆಗೆ ಇನ್ನೂ ಲಸಿಕೆ ಯಾಕೆ ಬಂದಿಲ್ಲ? ಲ್ಯಾಬ್ ಸೇರುವಾಗ ನನ್ನ ತಲೆಯಲ್ಲೂ ಅದೇ ಇತ್ತು.

ನೆಗಡಿ ತರುವ ವೈರಸ್‌ಗಳಲ್ಲಿ ಮುಖ್ಯವಾದದ್ದು ರೈನೋವೈರಸ್. ಅದರಲ್ಲಿ 160ಕ್ಕೂ ಜಾಸ್ತಿ ಬಗೆಗಳಿವೆ. ಓದಿ ಗೊತ್ತಿತ್ತು, ಆದರೆ ಮನಸ್ಸಿಗೆ ನಾಟಿದ್ದು ಮೊದಲ ನ್ಯೂಟ್ರಲೈಸೇಷನ್ ಟೆಸ್ಟ್ (ರಕ್ತದಲ್ಲಿರುವ ಪ್ರತಿಕಾಯಗಳು, ಅಂದರೆ ರೋಗಾಣುವಿನ ವಿರುದ್ಧ ದೇಹ ಮಾಡುವ ಪ್ರೋಟೀನುಗಳು, ವೈರಸ್ಸನ್ನು ತಡೆಯುತ್ತವೆಯಾ ಅಂತ ನೋಡುವ ಪರೀಕ್ಷೆ) ಮಾಡಿದಾಗ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಸಣ್ಣ ಗುಳಿ. ಪ್ರತಿ ಗುಳಿಯಲ್ಲೂ ಹೀಲಾ ಕೋಶಗಳು, ಅಂದರೆ ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕೋಶಗಳು. ಲಸಿಕೆ ಕೊಟ್ಟ ಇಲಿಯ ಸೀರಮ್ಮನ್ನು (ರಕ್ತದಲ್ಲಿ ಪ್ರತಿಕಾಯಗಳಿರುವ ತಿಳಿಭಾಗ) ಎರಡೆರಡು ಪಟ್ಟು ತೆಳು ಮಾಡುತ್ತಾ ಹೋಗಿ, ವೈರಸ್ ಜೊತೆ ಒಂದು ಗಂಟೆ ಇಟ್ಟು, ಆಮೇಲೆ ಕೋಶಗಳ ಮೇಲೆ ಹಾಕಿ ಕೆಲವು ದಿನ ಕಾಯಬೇಕು. ಕೊನೆಗೆ ಕ್ರಿಸ್ಟಲ್ ವಯಲೆಟ್ ಅನ್ನುವ ಬಣ್ಣ ಹಾಕಿ ತೊಳೆದರೆ ಕೋಶ ಉಳಿದ ಗುಳಿ ನೇರಳೆ, ಸತ್ತ ಗುಳಿ ಬಿಳಿ. ಲಸಿಕೆಯಲ್ಲಿದ್ದ ಬಗೆಯ ಸಾಲು ಬಹುದೂರದವರೆಗೆ ನೇರಳೆಯಾಗಿತ್ತು. ಅದರ ಕೆಳಗೆ ಬೇರೊಂದು ಬಗೆಯ ಸಾಲು, ಮೊದಲ ಗುಳಿಯಿಂದಲೇ ಬಿಳಿ. ಅದೇ ಸೀರಮ್, ಅದೇ ದಿನ! ತಟ್ಟೆಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡುತ್ತಾ ನಿಂತಿದ್ದೆ.

ಇದಕ್ಕೂ ಮುಂಚೆ ಎರಡು ವಾರ ವ್ಯರ್ಥವಾಗಿತ್ತು. ವೈರಸ್ ಹಾಕಿದ ಮೇಲೂ ತಟ್ಟೆಗಳನ್ನು 37 ಡಿಗ್ರಿಯಲ್ಲೇ ಬಿಟ್ಟಿದ್ದೆ. ರೈನೋವೈರಸ್‌ಗೆ ಒಗ್ಗುವುದು ಮೂಗಿನ ತಂಪು, ಸುಮಾರು 33 ಡಿಗ್ರಿ. ಹೊಸದಾಗಿ ಶುರು ಮಾಡುವವರು ಇದನ್ನು ಮೊದಲೇ ನೋಡಿಕೊಳ್ಳಿ.

ಹಾಗಾದರೆ ಎಲ್ಲ ಬಗೆಗಳನ್ನೂ ಸೇರಿಸಿಬಿಟ್ಟರೆ ಆಯ್ತು, ಅಲ್ವಾ? 1970ರ ದಶಕದಲ್ಲಿ 10 ಬಗೆ ಸೇರಿಸಿ ಜನರಿಗೆ ಕೊಟ್ಟು ನೋಡಿದ್ದರು, ಫಲಿತಾಂಶ ಅಷ್ಟು ಚೆನ್ನಾಗಿರಲಿಲ್ಲ. 2016ರಲ್ಲಿ 50 ಬಗೆಗಳ ಲಸಿಕೆಯನ್ನು ಕೋತಿಗಳಿಗೆ ಕೊಟ್ಟಾಗ 49ಕ್ಕೆ ಪ್ರತಿಕಾಯ ಬಂತು. ಪ್ರತಿ ಬಗೆಯದ್ದೂ ಸಾಕಷ್ಟು ಪ್ರಮಾಣದಲ್ಲಿ ಇರಬೇಕು, ಗುಟ್ಟು ಅಲ್ಲಿದೆ. ಹೇಳುವುದು ಸುಲಭ. ಒಂದೊಂದನ್ನೂ ಬೇರೆ ಬೇರೆ ಬೆಳೆಸಿ, ಶುದ್ಧ ಮಾಡಿ, ಅಳೆದು, ಫಾರ್ಮಲಿನ್‌ನಲ್ಲಿ ನಿಷ್ಕ್ರಿಯಗೊಳಿಸಿ, ನಿಜವಾಗಿಯೂ ನಿಷ್ಕ್ರಿಯವಾಗಿದೆಯಾ ಅಂತ ಮತ್ತೆ ಪರೀಕ್ಷಿಸುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಒಂದು ಬಗೆ ಎರಡೇ ದಿನದಲ್ಲಿ ಕೋಶಗಳನ್ನೆಲ್ಲ ಮುಗಿಸುತ್ತದೆ, ಇನ್ನೊಂದು ಎಷ್ಟು ಕಾದರೂ ಏಳುವುದೇ ಇಲ್ಲ. ಇಷ್ಟೆಲ್ಲ ಆಗಿ ರಕ್ತದಲ್ಲಿ ಪ್ರತಿಕಾಯ ಬಂದರೂ, ವೈರಸ್ ಬಂದು ಇಳಿಯುವ ಮೂಗಿನ ಒಳಪದರದಲ್ಲಿ ಅದು ಎಷ್ಟು ದಿನ ಇರುತ್ತದೆ ಅನ್ನುವುದು ಬೇರೆಯೇ ತಲೆನೋವು.

ನನಗೆ ಜಾಸ್ತಿ ಚಿಂತೆ ರೈನೋವೈರಸ್‌ಗಳಲ್ಲೇ ಸಿ ಅನ್ನುವ ಗುಂಪಿನದ್ದು. 2006ರಲ್ಲಿ ಪತ್ತೆಯಾದ ಈ ಗುಂಪು ಮಾಮೂಲಿ ಹೀಲಾ ಕೋಶಗಳಲ್ಲಿ ಬೆಳೆಯುವುದೇ ಇಲ್ಲ, ಅದಕ್ಕೆ ಬೇಕಾದ ಸಿಡಿಎಚ್‌ಆರ್3 ಅನ್ನುವ ಪ್ರೋಟೀನು ಅಲ್ಲಿಲ್ಲ. ಆಸ್ತಮಾ ಇರುವ ಮಕ್ಕಳನ್ನು ಆಸ್ಪತ್ರೆಗೆ ತಳ್ಳುವ ವೈರಸ್‌ಗಳಲ್ಲಿ ಇದಕ್ಕೆ ದೊಡ್ಡ ಪಾಲಿದೆ. ಉಸಿರಿಗೆ ಒದ್ದಾಡುವ ಮಗುವನ್ನು ಒಮ್ಮೆ ನೋಡಿದವರು ನೆಗಡಿಯನ್ನು ಸಣ್ಣ ಕಾಯಿಲೆ ಅನ್ನುವುದಿಲ್ಲ. ಈಗ ಆ ಪ್ರೋಟೀನು ಸೇರಿಸಿದ ಕೋಶಗಳಲ್ಲಿ ಸಿ ಗುಂಪಿನ ಒಂದು ಬಗೆಯನ್ನು ಬೆಳೆಸುತ್ತಿದ್ದೇನೆ. ನಿನ್ನೆ ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ತಟ್ಟೆಯ ಅಂಚಿನ ಕೋಶಗಳು ದುಂಡಗಾಗಿ ಮೇಲೇಳುತ್ತಿರುವುದು ಕಂಡಿತು, ವೈರಸ್ ಬೆಳೆಯುತ್ತಿದೆ ಅನ್ನುವುದರ ಸೂಚನೆ ಅದು.