ಭಯದ ಖಾತೆ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ತೊಗರಿಯ ಹಂಗಾಮಿನಲ್ಲಿ ಮಿಲ್ಲು ರಾತ್ರಿಯೂ ನಡೆಯುತ್ತದೆ. ನಾನು ಸ್ಕೂಟರ್ ಏರುವಾಗ ಕತ್ತಲಾಗಿರುತ್ತದೆ. ಹುಮನಾಬಾದ್ ರಸ್ತೆಯ ಲಾರಿಗಳ ನಡುವೆ ನುಸುಳಿ ಶಹಾಬಜಾರ್ ಕಡೆಯ ನಮ್ಮ ಓಣಿ ಸೇರುವವರೆಗೆ ಅತ್ತೆಗೆ ಸಮಾಧಾನವಿರುತ್ತಿರಲಿಲ್ಲ. "ಚೀಲದಲ್ಲಿ ಖಾರದ ಪುಡಿ ಇರಲವ್ವಾ" ಎಂದು ಅವರು, "ಕರಾಟೆ ಕಲಿಯಿರಿ ವೈನಿ" ಎಂದು ಮೈದುನ, "ಒಂದು ಚಾಕು ಇಟ್ಟುಕೊಳ್ಳಿ ಅಕ್ಕಾ" ಎಂದು ಮಿಲ್ಲಿನ ಹುಡುಗರು. ಎಲ್ಲರ ಮನಸ್ಸಿನಲ್ಲೂ ಒಬ್ಬನೇ ವೈರಿ: ಕತ್ತಲಲ್ಲಿ ನಿಂತ ಗುರುತಿಲ್ಲದ ಗಂಡಸು.

ಯಾವುದನ್ನೇ ಆಗಲಿ ಕೊಳ್ಳುವ ಮೊದಲು ಲೆಕ್ಕ ನೋಡುವುದು ನನ್ನ ಕಸುಬಿನ ರೂಢಿ. ಹಳೆಯ ಖತಾವಣಿ ಪುಸ್ತಕವೊಂದನ್ನು ತೆಗೆದು ಒಂದೊಂದು ಭಯಕ್ಕೆ ಒಂದೊಂದು ಖಾತೆ ತೆರೆದೆ. ನಮ್ಮ ಬಳಗದಲ್ಲಿ, ಓಣಿಯಲ್ಲಿ, ಮಿಲ್ಲಿನಲ್ಲಿ ಆ ಆಪತ್ತು ನಿಜವಾಗಿಯೂ ಯಾರಿಗೆ ಬಂದಿತ್ತು ಎಂದು ನೆನಪಿಸಿಕೊಂಡು ಹೆಸರು ಬರೆಯುತ್ತ ಹೋದೆ. ರಸ್ತೆ ಅಪಘಾತದ ಪುಟ ಬೇಗ ತುಂಬಿತು. ಹಾವಿನ ಪುಟ, ಬಿಸಿಲಿನ ಪುಟ, ತವರಿನ ಭೀಮಾ ಹೊಳೆಯ ಪುಟ ಅದರ ಹಿಂದೆ ಬಂದವು. ಗಂಡಸರ ಕಾಟದ ಪುಟವೂ ಖಾಲಿ ಇರಲಿಲ್ಲ, ಆದರೆ ಅಲ್ಲಿ ಬಂದವರಲ್ಲಿ ಹೆಚ್ಚಿನವರು ಆ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗುರುತಿದ್ದವರೇ. ನನ್ನ ಸಿದ್ಧತೆಯೆಲ್ಲ ಆ ಪುಸ್ತಕದ ಕ್ರಮದಲ್ಲೇ ನಡೆದಿದೆ.

ರಸ್ತೆಯ ಬಗ್ಗೆ ಹೇಳಲು ಹೆಚ್ಚಿಲ್ಲ. ಐಎಸ್‌ಐ ಗುರುತಿನ ಹೆಲ್ಮೆಟ್, ಗದ್ದದ ಕೆಳಗೆ ಪಟ್ಟಿ ಬಿಗಿದು. ಬೆನ್ನಿನ ಚೀಲಕ್ಕೆ ಬೆಳಕಿಗೆ ಹೊಳೆಯುವ ಪಟ್ಟಿ. ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಕಂಡರೆ ಆತುರಪಡದೆ ದೂರ ಉಳಿಯುವುದು. ಸೊಂಟದಲ್ಲಿ ಚಾಕು ಸಿಕ್ಕಿಸಿಕೊಂಡು ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು ಹೋಗುವವರ ಧೈರ್ಯ ನನಗೆ ಇಂದಿಗೂ ಅರ್ಥವಾಗಿಲ್ಲ.

ಇನ್ನು ಮನುಷ್ಯರು. ಒಮ್ಮೆ ರಿಂಗ್ ರಸ್ತೆಯ ತಿರುವಿನಿಂದ ಬೈಕೊಂದು ನನ್ನ ಹಿಂದೆಯೇ ಬರುತ್ತಿತ್ತು. ನಾನು ನಿಧಾನಿಸಿದರೆ ಅದೂ ನಿಧಾನ. ನಮ್ಮ ಓಣಿ ಬಂದರೂ ನಾನು ಒಳಗೆ ತಿರುಗಲಿಲ್ಲ. ಮುಂದಿನ ಪೆಟ್ರೋಲ್ ಬಂಕಿನ ದೀಪದ ಕೆಳಗೆ ಗಾಡಿ ನಿಲ್ಲಿಸಿ, ಅಲ್ಲಿನ ಕಾಕಾನಿಗೆ ಗಟ್ಟಿ ದನಿಯಲ್ಲೇ ವಿಷಯ ಹೇಳಿ, ಮನೆಗೆ ಫೋನ್ ಮಾಡಿದೆ. ಬೈಕು ಮುಂದೆ ಹೋಯಿತು. ಪಾಪ, ಅವರೂ ತಮ್ಮ ಮನೆಗೇ ಹೊರಟಿದ್ದಿರಬಹುದು. ನನಗೆ ಹೋದದ್ದು ಸ್ವಲ್ಪ ಸಮಯ ಮಾತ್ರ. ಅಂದಿನಿಂದ ದಾರಿಯಲ್ಲಿ ತಡರಾತ್ರಿಯವರೆಗೆ ತೆರೆದಿರುವ ಔಷಧ ಅಂಗಡಿ, ಬಂಕು, ಚಹಾದಂಗಡಿಗಳನ್ನು ಗುರುತಿಟ್ಟುಕೊಂಡಿದ್ದೇನೆ. ಮೊಬೈಲ್‌ನಲ್ಲಿ ಪವರ್ ಬಟನ್ ಬೇಗ ಬೇಗ ಒತ್ತಿದರೆ 112ಕ್ಕೆ ಕರೆ ಹೋಗುವಂತೆ ಹೊಂದಿಸಿದ್ದೇನೆ. ಅಕ್ಕನ ಮಗಳು ತನ್ನ ವಸತಿ ಶಾಲೆಯಲ್ಲಿ ಕಲಿತ ಒಂದು ಪಟ್ಟನ್ನು ನನಗೂ ಕಲಿಸಿದಳು: ಯಾರಾದರೂ ಮಣಿಕಟ್ಟು ಹಿಡಿದರೆ ಸುಮ್ಮನೆ ಹಿಂದಕ್ಕೆ ಜಗ್ಗಬಾರದು, ಅವನ ಹೆಬ್ಬೆರಳು ಉಳಿದ ಬೆರಳುಗಳನ್ನು ಕೂಡುವ ಸಂದಿನ ಕಡೆಗೆ ಕೈ ತಿರುಗಿಸಿ ಕೀಳಬೇಕು. ಅದರ ಹಿಂದೆಯೇ ಕೂಗು, ಓಟ. ಅಡುಗೆಮನೆಯಲ್ಲಿ ನಾವಿಬ್ಬರೂ ಅಭ್ಯಾಸ ಮಾಡುವುದನ್ನು ನೋಡಿ ಅತ್ತೆಗೆ ನಗು.

ಚಾಕು ಬೇಡವೆಂದದ್ದಕ್ಕೆ ಕಾನೂನೂ ಒಂದು ಕಾರಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ನಮ್ಮ ದೇಹವನ್ನಷ್ಟೇ ಅಲ್ಲ, ಇನ್ನೊಬ್ಬರ ದೇಹವನ್ನೂ ರಕ್ಷಿಸುವ ಹಕ್ಕು ಅಲ್ಲಿದೆ. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕು ಇಲ್ಲ. ದೇಹಕ್ಕಿದ್ದ ಅಪಾಯದ ಅಂಜಿಕೆ ಮುಗಿದ ಕೂಡಲೇ ಆ ಹಕ್ಕೂ ಮುಗಿಯುತ್ತದೆ. ಹೊಡೆಯಲು ಬಂದವನು ಬೆನ್ನು ತೋರಿಸಿ ಓಡುತ್ತಿರುವಾಗ ಅಟ್ಟಿಸಿಕೊಂಡು ಹೋಗಿ ಬಡಿದರೆ ಆಮೇಲೆ ಕೋರ್ಟಿಗೆ ಅಲೆಯಬೇಕಾದವರು ನಾವು. ಪೆಪ್ಪರ್ ಸ್ಪ್ರೇ ಕೂಡ ಆಟದ ಸಾಮಾನಲ್ಲ. 2024ರಲ್ಲಿ ಒಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಆತ್ಮರಕ್ಷಣೆಯ ವಾದವನ್ನು ಒಪ್ಪದೆ, ಅದನ್ನು ಅಪಾಯಕಾರಿ ಆಯುಧವೆಂದೇ ಕಂಡಿತು.

ಕಾನೂನಿಗಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ಬೀದರ್ ಜಿಲ್ಲೆಯ ಮುರ್ಕಿ. 2018ರ ಜುಲೈನಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪೊಂದು ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬನನ್ನು ಅಲ್ಲಿ ಹೊಡೆದು ಕೊಂದಿತು. ಜೊತೆಗಿದ್ದವರೂ ಗಾಯಗೊಂಡರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಮೂಲವಾಗಿತ್ತು. ಆ ದಿನಗಳಲ್ಲಿ ನಮ್ಮ ಓಣಿಯ ಗುಂಪಿಗೂ ಅಂಥವೇ ವಿಡಿಯೊಗಳು ಬರುತ್ತಿದ್ದವು. ಕಲ್ಲು ಎತ್ತಿದವರಲ್ಲಿ ಎಷ್ಟೋ ಜನ ತಾವು ಮಕ್ಕಳನ್ನು ಕಾಯುತ್ತಿದ್ದೇವೆ ಎಂದೇ ನಂಬಿದ್ದಿರಬೇಕು. ಅಳತೆ ತಪ್ಪಿದ ಭಯಕ್ಕೆ ಬಡಿಗೆ ಸಿಕ್ಕರೆ ಆಗುವುದು ಇದು. ಈಗ ಅಂಥ ಸಂದೇಶ ಬಂದರೆ ನಾನು ಮುಂದಕ್ಕೆ ಕಳಿಸುವುದಿಲ್ಲ. ಯಾವ ಊರು, ಯಾವ ಠಾಣೆ, ಯಾವ ದಿನ ಎಂದು ಅದೇ ಗುಂಪಿನಲ್ಲಿ ಕೇಳುತ್ತೇನೆ. ಕೇಳಿದ ಮೇಲೆ ಸಾಮಾನ್ಯವಾಗಿ ಯಾರೂ ಮಾತನಾಡುವುದಿಲ್ಲ. ಒಬ್ಬಿಬ್ಬರಿಗೆ ನನ್ನ ಮೇಲೆ ಸಿಟ್ಟೂ ಇದೆ, ಇರಲಿ.

ಹಾವಿನ ಪುಟ ತವರಿನದು. ಅಫಜಲಪುರ ತಾಲ್ಲೂಕಿನಲ್ಲಿ ಭೀಮೆಯ ದಂಡೆಗೆ ನಮ್ಮ ಹೊಲ. ನನ್ನ ತಮ್ಮ, ಬೆಳೆ ಕಾಯಲು ರಾತ್ರಿ ಹೊಲದ ಕೊಟ್ಟಿಗೆಯಲ್ಲಿ ನೆಲದ ಮೇಲೆಯೇ ಮಲಗುತ್ತಿದ್ದ. ನಾಗರಹಾವು, ಕೊಳಕುಮಂಡಲ ಕಚ್ಚಿದರೆ ಸಾಮಾನ್ಯವಾಗಿ ನೋವಿನಿಂದಲೇ ತಿಳಿಯುತ್ತದೆ. ಕಟ್ಟುಹಾವು ಹಾಗಲ್ಲ. ರಾತ್ರಿ ಮಲಗಿದವರನ್ನು ಕಚ್ಚುತ್ತದೆ, ಎಷ್ಟೋ ಸಲ ಗಾಯವೂ ಕಾಣುವುದಿಲ್ಲ; ಹೊಟ್ಟೆನೋವು ಬಂದು, ರೆಪ್ಪೆ ಜೋತುಬೀಳುವಾಗ ಮನೆಯವರು ದೃಷ್ಟಿ ತೆಗೆಯುತ್ತ ಕೂತಿರುತ್ತಾರೆ. ತಮ್ಮನಿಗೆ ಹೊರಸು ಮತ್ತು ಸೊಳ್ಳೆಪರದೆ ಕೊಡಿಸಿದೆ. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸದಿದ್ದರೆ ಅದು ಇದ್ದೂ ಇಲ್ಲದಂತೆ. "ಸೆಕೆಯಾಗುತ್ತದೆ ಅಕ್ಕಾ" ಎಂದು ಗೊಣಗಿದ. ಗೊಣಗಲಿ, ಸಿಕ್ಕಿಸಿಕೊಳ್ಳುತ್ತಾನಲ್ಲ, ಸಾಕು.

ಕಚ್ಚಿದರೆ ಮಾಡಬೇಕಾದದ್ದನ್ನು ಕೊಟ್ಟಿಗೆಯ ಬಾಗಿಲಿನ ಮೇಲೆ ಬಣ್ಣದಲ್ಲಿ ಬರೆಸಿದ್ದೇನೆ. ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಉಂಗುರ, ಬಳೆ, ಕಡಗ ತೆಗೆಯಬೇಕು. ಕಚ್ಚಿದ ಕೈಕಾಲು ಅಲುಗದಂತೆ ಪಟ್ಟಿ ಆಸರೆ ಕೊಟ್ಟು, ನಡೆಸದೆ ಆಸ್ಪತ್ರೆಗೆ ಒಯ್ಯಬೇಕು. ಕಚ್ಚಿದ ಹೊತ್ತು ನೆನಪಿಡಬೇಕು. 108ರ ಕೆಳಗೆ ಊರಿನ ಜೀಪಿನವನ ನಂಬರೂ ಇದೆ. ಹಾವನ್ನು ಹುಡುಕಿ ಕೊಂದು ಚೀಲದಲ್ಲಿ ತರುವ ಅಗತ್ಯವಿಲ್ಲ. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿದ ಮೇಲೆ ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕಾಗಿದೆ. ನನ್ನ ದೃಷ್ಟಿಯಲ್ಲಿ ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ.

ಬಿಸಿಲನ್ನು ನಾವು ಕಲಬುರಗಿಯವರು ತಮಾಷೆಯಾಗಿಯೇ ನೋಡುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಮುಚ್ಚುವ ಊರು ಇದು, ಆದರೆ ಹಮಾಲರಿಗೆ ಆ ವೇಳಾಪಟ್ಟಿ ಇಲ್ಲ. ಮೂಟೆ ಹೊರುವವರು ಬೆವರುವುದು ನಿಂತು ತಡವರಿಸತೊಡಗಿದರೆ ಅದು ದಣಿವಲ್ಲ, ಜೀವಕ್ಕೇ ಅಪಾಯ: ನೆರಳಿಗೆ ಒಯ್ದು, ಮೈಗೆ ನೀರು ಹಾಕಿ, ಗಾಳಿ ಬೀಸಿ, 108ಕ್ಕೆ ಕರೆಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಸುರಿಯಬಾರದು. ಎಚ್ಚರವಿದ್ದವರಿಗಾಗಿ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂದು ಹರವಿಯ ಪಕ್ಕದಲ್ಲೇ ಬರೆದಿಟ್ಟಿದ್ದೇನೆ.

2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟು ಭೀಮೆ ಉಕ್ಕಿದಾಗ ತವರಿನವರು ದನಕರುಗಳನ್ನು ಹೊಡೆದುಕೊಂಡು ಎತ್ತರದ ಜಾಗಕ್ಕೆ ಹೋದರು. ಜೀವ ಉಳಿಯಿತು, ಕಾಗದಪತ್ರ ಉಳಿಯಲಿಲ್ಲ. ಪರಿಹಾರಕ್ಕೆ ಅಲೆಯುವಾಗ ಅವ್ವನ ಅರ್ಧ ದಿನಗಳು ಅವುಗಳ ನಕಲು ಮಾಡಿಸುವುದರಲ್ಲೇ ಕಳೆದವು. ಅದಾದ ಮೇಲೆ ಎರಡೂ ಮನೆಗಳಲ್ಲಿ ಬಾಗಿಲ ಹಿಂದೆ ಒಂದೊಂದು ಚೀಲ ನೇತಾಡುತ್ತದೆ: ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ಪಹಣಿ, ಪಾಸ್‌ಬುಕ್‌ಗಳ ನಕಲು, ಬ್ಯಾಟರಿ, ಹಿರಿಯರ ಬಿಪಿ ಮಾತ್ರೆ, ಚಿಲ್ಲರೆ ನೋಟುಗಳು, ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಅಂಗಡಿಯಲ್ಲಿ ಸಿಗುವ ಯಾವ ತುರ್ತು ಆಹಾರದ ಪೊಟ್ಟಣವೂ ಈ ಜೋಡಿಯ ಮುಂದೆ ನಿಲ್ಲಲಾರದು ಎಂಬುದು ನನ್ನ ಹಟ. ಆಗಾಗ ಹಳೆಯ ರೊಟ್ಟಿ ಊಟಕ್ಕೆ ಹೋಗುತ್ತದೆ, ಹೊಸದು ಚೀಲಕ್ಕೆ ಬರುತ್ತದೆ. ಮುಂಗಾರಿಗೆ ಮುಂಚೆ ಮಾತ್ರೆಗಳ ದಿನಾಂಕವನ್ನೂ ನೋಡುತ್ತೇನೆ. ಮೊಬೈಲ್ ಕೈಕೊಟ್ಟರೆ ಬೇಕಾಗುವ ಫೋನ್ ನಂಬರುಗಳ ಹಾಳೆಯೊಂದು ಅದರಲ್ಲಿದೆ. ಈ ಸಲ ನೋಡಿದರೆ ಜೀಪಿನವನ ನಂಬರು ಬದಲಾಗಿತ್ತು. ಹಾಳೆಯಲ್ಲಿ ತಿದ್ದಿದ್ದೇನೆ, ಕೊಟ್ಟಿಗೆಯ ಬಾಗಿಲಿಗೆ ಮತ್ತೆ ಬಣ್ಣ ಹೊಡೆಸಲು ತಮ್ಮನಿಗೆ ಹೇಳಿದ್ದೇನೆ.