ಹುಬ್ಬಳ್ಳಿಯಿಂದ ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್‌ಗೆ: ಮನೆಮಂದಿಯೆಲ್ಲಾ ಹೋಗುವಾಗ ಪ್ಲ್ಯಾನ್ ಹೀಗೆ ಮಾಡಿ

ಟಿಕೆಟ್ ಬುಕ್ ಮಾಡುವ ಮೊದಲು ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ವಿಮಾನ, ಹೋಟೆಲ್ ಎಲ್ಲಾ ಆಮೇಲೆ. ಯೂನಿವರ್ಸಲ್ ಸ್ಟುಡಿಯೋಸ್ ಎಂಬ ಸಿನಿಮಾ ಥೀಮ್ ಪಾರ್ಕಿನ ದೊಡ್ಡ ರೈಡ್‌ಗಳ ಬಾಗಿಲಲ್ಲಿ ವಯಸ್ಸು ಕೇಳುವುದಿಲ್ಲ, ಅಳತೆಗೋಲು ಇಟ್ಟು ಎತ್ತರ ನೋಡುತ್ತಾರೆ. ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ರೋಲರ್ ಕೋಸ್ಟರ್‌ಗೆ 125 ಸೆಂಟಿಮೀಟರ್ ಬೇಕು. ಮಮ್ಮಿ ಕೋಸ್ಟರ್‌ಗೆ 122, ನೀರಿನಲ್ಲಿ ತೇಲಿ ಹೋಗುವ ಜುರಾಸಿಕ್ ಪಾರ್ಕ್ ರ‍್ಯಾಪಿಡ್ಸ್‌ಗೆ 107, ಟ್ರಾನ್ಸ್‌ಫಾರ್ಮರ್ಸ್‌ಗೆ 102, ಕ್ಯಾನಪಿ ಫ್ಲೈಯರ್‌ಗೆ 92. ನಿಮ್ಮ ಮಗ 121 ಇದ್ದರೆ ಎಷ್ಟು ಅತ್ತರೂ ಮಮ್ಮಿ ಕೋಸ್ಟರ್ ಹತ್ತಿಸುವುದಿಲ್ಲ. ಅಲ್ಲಿ ಹೋದ ಮೇಲೆ ಗೊತ್ತಾದರೆ ಮಗುವಿನ ದಿನವೇ ಕೆಟ್ಟುಹೋಗುತ್ತದೆ. ಮನೆಯಲ್ಲೇ ಹೇಳಿ ಇಟ್ಟರೆ ಅದೇ ಮಗು ತನಗೆ ಸಿಗುವ ರೈಡ್‌ಗಳ ಪಟ್ಟಿ ತಾನೇ ಮಾಡಿಕೊಳ್ಳುತ್ತದೆ. ಎಲ್ಲಾ ಮಕ್ಕಳೂ ಒಂದು ಮೀಟರ್ ಒಳಗೇ ಇದ್ದರೆ ನಾನಂತೂ ಒಂದೆರಡು ವರ್ಷ ತಡೆಯಿರಿ ಎನ್ನುತ್ತೇನೆ. ಹೇಗಿದ್ದರೂ ಅಲ್ಲಿ 4 ವರ್ಷದ ಒಳಗಿನವರಿಗೆ ಟಿಕೆಟ್ ಇಲ್ಲ, 4ರಿಂದ 12ರವರೆಗೆ ಮಕ್ಕಳ ಟಿಕೆಟ್, 60 ದಾಟಿದವರಿಗೆ ಹಿರಿಯರ ಟಿಕೆಟ್.

ಎರಡನೇ ಕೆಲಸ, ಪಾರ್ಕಿಗೆ ಹೋಗುವ ದಿನ ಗೊತ್ತು ಮಾಡುವುದು. ಹೊರಡುವ ದಿನ ಅಲ್ಲ, ಪಾರ್ಕಿನ ದಿನ. ನಮ್ಮ ಕಡೆ ಬಹಳ ಮಂದಿ ಸೋವಿಯ ವಿಮಾನ ಹುಡುಕಿ, ಅದಕ್ಕೆ ಹೋಟೆಲ್ ಹೊಂದಿಸಿ, ಉಳಿದ ಜಾಗದಲ್ಲಿ ಪಾರ್ಕನ್ನು ತುರುಕುತ್ತಾರೆ. ಅದನ್ನು ತಿರುವಿ ಹಾಕಿ. ಇಡೀ ಪ್ರವಾಸದಲ್ಲಿ ಮಕ್ಕಳು ಕಾಯುವುದು ಆ ಒಂದು ದಿನಕ್ಕೆ. ಅದನ್ನು ಮೊದಲು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಹುಬ್ಬಳ್ಳಿ ಸ್ಟೇಷನ್ನಿಗೆ ಬನ್ನಿ.

ಆ ದಿನ ಮಂಗಳವಾರದಿಂದ ಗುರುವಾರದ ಒಳಗೆ ಬಂದರೆ ಒಳ್ಳೆಯದು, ಶನಿವಾರ ಭಾನುವಾರ ಅಲ್ಲಿಯ ಜನವೂ ಬರುತ್ತಾರೆ. ನಮ್ಮ ಬೇಸಿಗೆ ರಜೆ ಇಲ್ಲಿ ಒಳ್ಳೆಯ ಅನುಕೂಲ ಮಾಡಿಕೊಡುತ್ತದೆ. ಸಿಂಗಾಪುರದ ಶಾಲೆಗಳ ನಡುವರ್ಷದ ರಜೆ ಮೇ ಕೊನೆಗೆ ಶುರುವಾಗಿ ಜೂನ್ ಪೂರ್ತಿ ಇರುತ್ತದೆ. ನಮ್ಮ ಮಕ್ಕಳಿಗೆ ಏಪ್ರಿಲ್ ನಡುವಿನಿಂದಲೇ ರಜೆ ಅಲ್ವಾ? ಹಾಗಾಗಿ ಏಪ್ರಿಲ್ ಕೊನೆಯಿಂದ ಮೇ ಮೂರನೇ ವಾರದವರೆಗೆ ಹೋಗಿ ಬಂದುಬಿಡಿ. ಮೇ 1 ಮತ್ತು ಸಾಮಾನ್ಯವಾಗಿ ಮೇನಲ್ಲೇ ಬರುವ ವೇಸಕ್ (ಬುದ್ಧ ಪೂರ್ಣಿಮೆ) ಅಲ್ಲಿಯೂ ರಜೆ, ಅವನ್ನು ಬಿಡಿ. ದಸರಾ ರಜೆಯಲ್ಲಿ ಹೋಗುವವರು ಇನ್ನೊಂದು ವಿಷಯ ನೋಡಬೇಕು. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲವರೆಗೆ ಕೆಲವು ರಾತ್ರಿ ಹ್ಯಾಲೋವೀನ್ ಕಾರ್ಯಕ್ರಮ ಇರುತ್ತದೆ, ಅಂಥ ದಿನ ಪಾರ್ಕನ್ನು ಸಂಜೆ ಬೇಗ ಮುಚ್ಚುತ್ತಾರೆ. ಟಿಕೆಟ್ ರೇಟ್ ಅಷ್ಟೇ, ಸಿಗುವ ತಾಸು ಕಡಿಮೆ. ಪಾರ್ಕಿನ ಸ್ವಂತ ವೆಬ್‌ಸೈಟಿನಲ್ಲಿ ಆ ತಾರೀಖಿನ ಸಮಯ ನೋಡಿಯೇ ಹಣ ಕಟ್ಟಿ.

ಈಗ ಕಾಗದಪತ್ರ. ಹದಿನೈದರ ಒಳಗಿನವರ ಪಾಸ್‌ಪೋರ್ಟ್ ಐದು ವರ್ಷಕ್ಕೇ ಮುಗಿಯುತ್ತದೆ. ದೊಡ್ಡವರದ್ದು ಹತ್ತು ವರ್ಷ ಇರುವುದರಿಂದ ಮಕ್ಕಳದ್ದನ್ನು ಯಾರೂ ತೆಗೆದು ನೋಡುವುದೇ ಇಲ್ಲ. ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಅವಧಿ ಉಳಿದಿರಬೇಕು. ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಬೆಂಗಳೂರಿಗೆ ಓಡುವ ಕೆಲಸ ಇಲ್ಲ. ವೀಸಾ ಮೊದಲೇ ಮಾಡಿಸಬೇಕು. ಅದನ್ನು ಅಧಿಕೃತ ಏಜೆಂಟರ ಮೂಲಕ ಮಾಡಿಸಿ, ಪ್ರಯಾಣಕ್ಕೆ ಒಂದು ತಿಂಗಳು ಇರುವಾಗ ಹಾಕಿದರೆ ಸರಿ ಹೋಗುತ್ತದೆ. ಇದರ ಜೊತೆ ಸಿಂಗಾಪುರ ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ಫಾರ್ಮ್ ಇದೆ. ಇಳಿಯುವ ದಿನವೂ ಸೇರಿ ಮೂರು ದಿನದ ಒಳಗೆ ಮನೆಯ ಪ್ರತಿಯೊಬ್ಬರ ಹೆಸರಲ್ಲೂ ತುಂಬಬೇಕು. ಅದು ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ, ಮುಚ್ಚಿ ಹೊರಗೆ ಬನ್ನಿ.

ಬ್ಯಾಗ್ ಕಟ್ಟುವಾಗ ಒಂದು ಮಾತು, ಇದನ್ನು ದೊಡ್ಡವರಿಗೇ ಹೇಳುತ್ತಿದ್ದೇನೆ. ಗುಟ್ಕಾ, ಜರ್ದಾ, ಖೈನಿ ಯಾವುದೂ ಬ್ಯಾಗಿನ ಯಾವ ಮೂಲೆಯಲ್ಲೂ ಇರಬಾರದು. ಬಾಯಲ್ಲಿ ಅಗಿಯುವ ತಂಬಾಕು ಅಲ್ಲಿ ನಿಷೇಧ. ಇ-ಸಿಗರೇಟು, ಚ್ಯೂಯಿಂಗ್ ಗಮ್ ಕೂಡ ಒಯ್ಯುವಂತಿಲ್ಲ. ಮಾವನವರ ಕೋಟಿನ ಜೇಬಿನಲ್ಲಿ ಒಂದು ಚೀಟಿ ಉಳಿದಿದ್ದರೂ ವಿಮಾನ ನಿಲ್ದಾಣದಲ್ಲಿ ಇಡೀ ಮನೆ ನಿಂತುಕೊಳ್ಳಬೇಕಾಗುತ್ತದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ ಕಟ್ಟಿಕೊಳ್ಳಿ. ರಾತ್ರಿ ಹೋಟೆಲ್ ರೂಮಿನಲ್ಲಿ ಹಿರಿಯರಿಗೆ ಅದೇ ಆಧಾರ.

ಊರಿನಿಂದ ವಿಮಾನದವರೆಗಿನ ದಾರಿಯೇ ನಮ್ಮಂಥವರಿಗೆ ಕಷ್ಟದ ಭಾಗ, ಇಲ್ಲಿ ಸ್ವಲ್ಪ ನಿಧಾನ ಯೋಚನೆ ಮಾಡಿ. ಬೆಂಗಳೂರಿನಿಂದ ಸಿಂಗಾಪುರಕ್ಕೆ ನೇರ ವಿಮಾನಗಳಿವೆ, ಸಿಂಗಾಪುರ ಏರ್‌ಲೈನ್ಸ್ ಮತ್ತು ಇಂಡಿಗೋ ಎರಡೂ ಹೋಗುತ್ತವೆ. ಹಾರಾಟ ನಾಲ್ಕೂವರೆ ತಾಸಿನ ಆಸುಪಾಸು. ರಾತ್ರಿ ಹತ್ತಿ ಬೆಳಿಗ್ಗೆ ಇಳಿಯುವ ವಿಮಾನವೇ ಕುಟುಂಬಕ್ಕೆ ವಾಸಿ, ಒಂದು ರಾತ್ರಿಯ ಹೋಟೆಲ್ ಖರ್ಚೂ ಉಳಿಯುತ್ತದೆ. ಅದನ್ನು ಹಿಡಿಯಲು ಮೂರು ದಾರಿ.

ಒಂದು, ಹುಬ್ಬಳ್ಳಿ ವಿಮಾನ ನಿಲ್ದಾಣದಿಂದಲೇ ಹತ್ತುವುದು. ಹುಬ್ಬಳ್ಳಿಯಿಂದ ಸಿಂಗಾಪುರದವರೆಗೆ ಒಂದೇ ಟಿಕೆಟ್‌ನಲ್ಲಿ ಸಿಕ್ಕರೆ ಮಾತ್ರ ಇದನ್ನು ತೆಗೆದುಕೊಳ್ಳಿ. ಒಂದೇ ಟಿಕೆಟ್ ಇದ್ದಾಗ ಮೊದಲನೇ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಬೇರೆ ವಿಮಾನ ಕೊಡುವ ಹೊಣೆ ಕಂಪನಿಯದ್ದು. ಬೇರೆ ಬೇರೆ ಟಿಕೆಟ್ ತೆಗೆದರೆ ನಷ್ಟ ಪೂರ್ತಿ ನಿಮ್ಮದು. ಬೆಂಗಳೂರಿನಲ್ಲಿ ಇಂಡಿಗೋದ ದೇಶದೊಳಗಿನ ವಿಮಾನಗಳು ಟರ್ಮಿನಲ್ 1ಕ್ಕೆ ಬರುತ್ತವೆ. ವಿದೇಶದ ವಿಮಾನಗಳು 2023ರ ಸೆಪ್ಟೆಂಬರಿನಿಂದ ಟರ್ಮಿನಲ್ 2ರಲ್ಲಿ. ನಡುವೆ ಶಟಲ್ ಬಸ್ ಇದೆ, ಆದರೆ ಆ ಸಮಯವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಎರಡು, ವಂದೇ ಭಾರತ್. 2023ರ ಜೂನ್‌ನಿಂದ ಓಡುತ್ತಿರುವ ಈ ರೈಲು ಮಧ್ಯಾಹ್ನ ಧಾರವಾಡ ಬಿಟ್ಟು ಹುಬ್ಬಳ್ಳಿ, ದಾವಣಗೆರೆ, ಯಶವಂತಪುರ ದಾಟಿ ರಾತ್ರಿ ಎಂಟರ ಸುಮಾರಿಗೆ ಬೆಂಗಳೂರು ಸೇರುತ್ತದೆ. ಕಾಗದದ ಮೇಲೆ ನೋಡಿದರೆ ಯಶವಂತಪುರದಲ್ಲಿ ಇಳಿದು ಟ್ಯಾಕ್ಸಿ ಹಿಡಿದು ಹನ್ನೊಂದರ ಮೇಲಿನ ವಿಮಾನ ಸಿಗುತ್ತದೆ. ಆದರೆ ಮಕ್ಕಳು, ಅಜ್ಜಿ, ಆರು ಬ್ಯಾಗ್ ಇಟ್ಟುಕೊಂಡು ಬೆಂಗಳೂರಿನ ಸಂಜೆಯ ಟ್ರಾಫಿಕ್ಕಿನಲ್ಲಿ ಗಡಿಯಾರ ನೋಡುತ್ತಾ ಕೂರುವುದು ಬೇಡವೇ ಬೇಡ. ಗಂಡ ಹೆಂಡತಿ ಇಬ್ಬರೇ ಇದ್ದರೆ ಅಡ್ಡಿ ಇಲ್ಲ.

ಮೂರನೆಯದೇ ನನ್ನ ಆಯ್ಕೆ. ಹಿಂದಿನ ರಾತ್ರಿಯ ರೈಲಿಗೋ ಸ್ಲೀಪರ್ ಬಸ್ಸಿಗೋ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯಿರಿ. ಅಲ್ಲಿ ಅತ್ತೆ ಮನೆಯೋ ಕಾಕಾನ ಮನೆಯೋ ಇದ್ದೇ ಇರುತ್ತದೆ. ಸ್ನಾನ ಮಾಡಿ, ಉಂಡು, ಮಕ್ಕಳನ್ನು ಮಧ್ಯಾಹ್ನ ಮಲಗಿಸಿ, ಟ್ರಾಫಿಕ್ ಏರುವ ಮೊದಲೇ ಹೊರಟು ಸಂಜೆ ವಿಮಾನ ನಿಲ್ದಾಣ ಸೇರಿ. ಗದಗಿನವರು ಸಂಜೆ ಹುಬ್ಬಳ್ಳಿಗೆ ಬಂದು ಹತ್ತಬಹುದು. ಹಾವೇರಿ, ರಾಣೆಬೆನ್ನೂರಿನವರು ಹಿಂದಕ್ಕೆ ಹುಬ್ಬಳ್ಳಿಗೆ ಬರಲೇಬೇಡಿ, ರೈಲೂ ಹೆದ್ದಾರಿಯೂ ನಿಮ್ಮ ಊರಿನ ಮೇಲೆಯೇ ಹೋಗುತ್ತವೆ.

ಹೋಟೆಲ್ ಎಲ್ಲಿ ತೆಗೆದುಕೊಳ್ಳಬೇಕು? ಲಿಟಲ್ ಇಂಡಿಯಾ ಇಲ್ಲಾ ಅದರ ಪಕ್ಕದ ಫ್ಯಾರರ್ ಪಾರ್ಕ್. ಊಟಕ್ಕಾಗಿ ಮಾತ್ರ ಅಲ್ಲ, ರೈಲಿಗಾಗಿ. ಈ ಎರಡೂ ಸ್ಟೇಷನ್‌ಗಳು ಈಶಾನ್ಯ ಮಾರ್ಗದಲ್ಲಿವೆ, ಅಂದರೆ ನೇರಳೆ ಬಣ್ಣದ ನಾರ್ತ್ ಈಸ್ಟ್ ಲೈನ್. ಅದೇ ಲೈನಿನ ತುದಿಯಲ್ಲಿ ಹಾರ್ಬರ್‌ಫ್ರಂಟ್ ಇದೆ, ಪಾರ್ಕ್ ಇರುವ ಸೆಂಟೋಸಾ ದ್ವೀಪಕ್ಕೆ ಹೋಗುವುದು ಅಲ್ಲಿಂದಲೇ. ಎಲ್ಲೂ ರೈಲು ಬದಲಿಸದೆ ಕಾಲು ತಾಸಿನಲ್ಲಿ ತಲುಪುತ್ತೀರಿ. ಪಾರ್ಕಿಗೆ ಹತ್ತಿರ ಎಂದು ಸೆಂಟೋಸಾದ ಒಳಗೇ ರೂಮ್ ಮಾಡಿದರೆ ಬಾಡಿಗೆಯೂ ಜಾಸ್ತಿ, ಉಳಿದ ದಿನ ಪ್ರತಿ ಊಟಕ್ಕೂ ಹೊರಗೆ ಬರಬೇಕು. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲ ವಿಲಾಸ್ ಇದೆ, ನಮ್ಮ ಎಂಟಿಆರ್‌ನ ಶಾಖೆಯೂ ಇದೆ. ಬೆಳಿಗ್ಗೆ ಇಡ್ಲಿ ತಿಂದು ಹೊರಟ ಅಜ್ಜ ಅಜ್ಜಿ ಮಧ್ಯಾಹ್ನದವರೆಗೆ ಊಟದ ಚಿಂತೆ ಮಾಡುವುದಿಲ್ಲ.

ಚಾಂಗಿ ವಿಮಾನ ನಿಲ್ದಾಣದಿಂದ ಅಲ್ಲಿಗೆ ಹೋಗಲು ಎಂಆರ್‌ಟಿ, ಅಂದರೆ ಅಲ್ಲಿಯ ಮೆಟ್ರೋ ರೈಲು ಹತ್ತಿ, ಒಂದೇ ಸ್ಟೇಷನ್ ಮುಂದೆ ಎಕ್ಸ್‌ಪೋದಲ್ಲಿ ಇಳಿದು, ನೀಲಿ ಬಣ್ಣದ ಡೌನ್‌ಟೌನ್ ಲೈನಿಗೆ ಬದಲಿಸಿದರೆ ಸೀದಾ ಲಿಟಲ್ ಇಂಡಿಯಾ. ಸುಮಾರು ಒಂದು ತಾಸು ಹಿಡಿಯುತ್ತದೆ. ಆದರೆ ರಾತ್ರಿ ನಿದ್ದೆಗೆಟ್ಟ ಮಕ್ಕಳು, ಹಿರಿಯರು ಇದ್ದರೆ ಆ ಒಂದು ಸಲಕ್ಕೆ ಟ್ಯಾಕ್ಸಿ ತೆಗೆದುಕೊಳ್ಳಿ. ಇಲ್ಲೊಂದು ಕಾನೂನು ಗೊತ್ತಿರಲಿ. ಅಲ್ಲಿ 1.35 ಮೀಟರಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಸೀಟು ಬೇಕೇ ಬೇಕು. ಮೀಟರ್ ಹಾಕಿದ ಟ್ಯಾಕ್ಸಿಗೆ ಅದರಿಂದ ವಿನಾಯಿತಿ ಇದೆ, ಆ್ಯಪ್‌ನಲ್ಲಿ ಕರೆಯುವ ಖಾಸಗಿ ಕಾರಿಗೆ ಇಲ್ಲ. ಹಾಗಾಗಿ ಸುಮ್ನೆ ಟ್ಯಾಕ್ಸಿ ಸಾಲಿನಲ್ಲಿ ನಿಲ್ಲಿ, ಇಲ್ಲವೇ ಆ್ಯಪ್‌ನಲ್ಲಿ ಮಕ್ಕಳ ಸೀಟು ಇರುವ ಕಾರನ್ನೇ ಆರಿಸಿ.

ಎಂಆರ್‌ಟಿಯಲ್ಲಿ ಒಂದೊಂದು ತಲೆಗೆ ಒಂದೊಂದು ಕಾರ್ಡ್. ಒಂದೇ ಕಾರ್ಡಿನಲ್ಲಿ ನಾಲ್ಕು ಮಂದಿ ದಾಟಲು ಆಗುವುದಿಲ್ಲ. ದೊಡ್ಡವರು ಬ್ಯಾಂಕಿನ ಟ್ಯಾಪ್ ಮಾಡುವ ವೀಸಾ, ಮಾಸ್ಟರ್ ಕಾರ್ಡ್ ಬಳಸಬಹುದು. ಮಕ್ಕಳಿಗೆ ಸ್ಟೇಷನ್ನಿನಲ್ಲೇ ಕಾರ್ಡ್ ಕೊಳ್ಳಿ. 0.9 ಮೀಟರ್ ಒಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಉಚಿತ. ರೈಲಿನೊಳಗೆ ಏನೂ ತಿನ್ನುವಂತಿಲ್ಲ, ನೀರೂ ಕುಡಿಯುವಂತಿಲ್ಲ, ದಂಡ 500 ಡಾಲರಿನವರೆಗೆ ಇದೆ. ಮಕ್ಕಳಿಗೆ ಸ್ಟೇಷನ್ನಿಗೆ ಇಳಿಯುವ ಮೊದಲೇ ನೀರು ಕುಡಿಸಿ.

ದಿನಗಳ ಜೋಡಣೆಗೆ ಬರೋಣ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದೆ. ರಾತ್ರಿ ಒಂಬತ್ತಕ್ಕೆ ಮಲಗಿ ಎಂದರೆ ಮಕ್ಕಳ ಮೈಗೆ ಅದು ಸಂಜೆ ಆರೂವರೆ, ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಏಳಕ್ಕೆ ಎಬ್ಬಿಸಿದರೆ ಅವರಿಗೆ ಅದು ನಾಲ್ಕೂವರೆ. ಇದಕ್ಕಾಗಿಯೇ ಪಾರ್ಕನ್ನು ಮೂರನೇ ದಿನಕ್ಕೆ ಇಡಿ ಎನ್ನುವುದು. ಮೊದಲನೇ ದಿನ ಹೋಟೆಲ್ ರೂಮ್ ಮಧ್ಯಾಹ್ನದ ಮೇಲೆಯೇ ಸಿಗುತ್ತದೆ, ಸಾಮಾನು ಅಲ್ಲಿ ಇಟ್ಟು ಅಡ್ಡಾಡಿ. ಸಂಜೆ ಗಾರ್ಡನ್ಸ್ ಬೈ ದಿ ಬೇಯಲ್ಲಿ ಆ ದೊಡ್ಡ ಲೋಹದ ಮರಗಳ ಕೆಳಗೆ 7.45ಕ್ಕೆ ಮತ್ತು 8.45ಕ್ಕೆ ಬೆಳಕಿನ ಆಟ ಇರುತ್ತದೆ, ದುಡ್ಡಿಲ್ಲ. ಎರಡನೇ ದಿನ ಹಗುರ ಇರಲಿ. ಸಿಂಹದ ತಲೆ, ಮೀನಿನ ಮೈ ಇರುವ ಮರ್‌ಲಯನ್ ಪ್ರತಿಮೆ ನೋಡಿ, ಮಧ್ಯಾಹ್ನ ಮಲಗಿ, ಬೇಗ ಊಟ ಮಾಡಿ. ಆ ದಿನ ಇನ್ನೊಂದು ಜಾಗ ಸೇರಿಸೋಣ ಎಂದು ಮನೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಬೇಡ ಎನ್ನಿ.

ಮೂರನೇ ದಿನ ಪಾರ್ಕು. ಸಾಮಾನ್ಯವಾಗಿ ಹತ್ತಕ್ಕೆ ತೆರೆಯುತ್ತದೆ, ನೀವು ಒಂಬತ್ತೂವರೆಗೆ ಬಾಗಿಲಲ್ಲಿ ಇರಿ. ಹಾರ್ಬರ್‌ಫ್ರಂಟ್‌ನಲ್ಲಿ ಇಳಿದು ಮೇಲೆ ವಿವೋಸಿಟಿ ಮಾಲಿನ ಮೂರನೇ ಮಹಡಿಗೆ ಹೋದರೆ ಸೆಂಟೋಸಾ ಎಕ್ಸ್‌ಪ್ರೆಸ್ ಎಂಬ ಸಣ್ಣ ರೈಲು. ಹೋಗುವಾಗ 4 ಡಾಲರ್, ಬರುವಾಗ ಉಚಿತ, ಮೊದಲನೇ ಸ್ಟಾಪಿನಲ್ಲೇ ಇಳಿಯಬೇಕು. ನಡೆಯುವವರಿಗೆ ನೀರಿನ ಮೇಲೆ ಬೋರ್ಡ್‌ವಾಕ್ ಇದೆ, ಅದಕ್ಕೆ ದುಡ್ಡು ಬೇಡ. ಆದರೆ ಆ ದಿನ ಒಳಗೆ ನಡೆಯುವುದೇ ಬಹಳ ಇರುತ್ತದೆ, ಹಿರಿಯರ ಕಾಲನ್ನು ಬಾಗಿಲಿಗೆ ಹೋಗುವ ಮೊದಲೇ ದಣಿಸಬೇಡಿ.

ಒಳಗೆ ಹೋದ ಕೂಡಲೇ ಫೋಟೋಕ್ಕೆ ನಿಲ್ಲದೆ, ಬಯಲಿನಲ್ಲಿರುವ ರೈಡ್‌ಗಳ ಕಡೆ ನಡೆಯಿರಿ. ಗ್ಯಾಲಾಕ್ಟಿಕಾ, ಕ್ಯಾನಪಿ ಫ್ಲೈಯರ್, ರ‍್ಯಾಪಿಡ್ಸ್ ಮೂರೂ ಬಯಲಿನವು. ಸಿಂಗಾಪುರದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಸಿಡಿಲಿನ ಸೂಚನೆ ಬಂದರೆ ಇವನ್ನು ನಿಲ್ಲಿಸುತ್ತಾರೆ. ಮಮ್ಮಿ, ಟ್ರಾನ್ಸ್‌ಫಾರ್ಮರ್ಸ್ ಕಟ್ಟಡದ ಒಳಗಿವೆ, ಮಳೆ ಬಂದರೂ ನಡೆಯುತ್ತವೆ, ಅವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಕ್ಯಾನಪಿ ಫ್ಲೈಯರ್‌ನಲ್ಲಿ ಒಂದು ಸಲಕ್ಕೆ ಸ್ವಲ್ಪವೇ ಮಂದಿ ಕೂರುವುದು, ಸಾಲು ನಿಧಾನ ಸರಿಯುತ್ತದೆ. ಸಣ್ಣ ಮಕ್ಕಳಿದ್ದರೆ ಅದನ್ನೇ ಮೊದಲು ಮುಗಿಸಿ. ರ‍್ಯಾಪಿಡ್ಸ್‌ನಲ್ಲಿ ಪೂರ್ತಿ ತೊಯ್ಯುತ್ತೀರಿ, ಇನ್ನೊಂದು ಜೊತೆ ಬಟ್ಟೆ ಇರಲಿ. ಮಗುವಿನ ಎತ್ತರ ಸಾಲದ ರೈಡಿನಲ್ಲಿ ಅಪ್ಪ ಅಮ್ಮ ಸರದಿ ಮಾಡಬಹುದು. ಒಬ್ಬರು ಹೋಗಿ ಬರುವವರೆಗೆ ಇನ್ನೊಬ್ಬರು ಮಗುವಿನ ಜೊತೆ ಕಾಯುತ್ತಾರೆ, ಆಮೇಲೆ ಮತ್ತೆ ಸಾಲಿನ ಕೊನೆಗೆ ಹೋಗಬೇಕಿಲ್ಲ. ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಮೊದಲೇ ಹೇಳಬೇಕು ಅಷ್ಟೇ. ಎಕ್ಸ್‌ಪ್ರೆಸ್ ಪಾಸ್ ಎಂಬ ಸಾಲು ತಪ್ಪಿಸುವ ಟಿಕೆಟ್ಟಿಗೆ ಬಹಳ ದುಡ್ಡು. ವಾರದ ನಡುವೆ, ರಜೆ ಇಲ್ಲದ ದಿನ ಹೋಗಿದ್ದರೆ ಅದು ಬೇಡ. ಹೊರಗಿನ ಊಟವನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಖಾಲಿ ನೀರಿನ ಬಾಟಲಿ ಒಯ್ಯಿರಿ. ಅಲ್ಲಿಯ ನಲ್ಲಿ ನೀರನ್ನೇ ಕುಡಿಯಬಹುದು.

ನಾಲ್ಕನೇ ದಿನ ಯಾರನ್ನೂ ಎಬ್ಬಿಸಬೇಡಿ. ಮಂಡಾಯಿಯ ನೈಟ್ ಸಫಾರಿ ತೆರೆಯುವುದೇ ಸಂಜೆ 7.15ಕ್ಕೆ, ಟ್ರಾಮಿನಲ್ಲಿ ಕೂತು ನೋಡುವಂಥದ್ದು, ದಣಿದ ಕಾಲಿಗೆ ಇದಕ್ಕಿಂತ ಸರಿಯಾದದ್ದು ಇಲ್ಲ. ಖಾತಿಬ್ ಎಂಆರ್‌ಟಿ ಸ್ಟೇಷನ್ನಿನಿಂದ ಅಲ್ಲಿಗೆ ಶಟಲ್ ಬಸ್ ಇದೆ. ಐದನೇ ದಿನ ಮುಸ್ತಫಾ ಸೆಂಟರ್‌ನಲ್ಲಿ ಅಂಗಡಿ ಕೆಲಸ ಮುಗಿಸಿ ಹೊರಡಿ. ಅದು ಫ್ಯಾರರ್ ಪಾರ್ಕ್ ಪಕ್ಕದಲ್ಲೇ ಇದೆ, ಚೀಲ ಹೊತ್ತು ಹೋಟೆಲಿಗೆ ನಡೆದೇ ಬರಬಹುದು.

ಬರುವಾಗ ರಾತ್ರಿ ಬೆಂಗಳೂರಿನಲ್ಲಿ ಇಳಿದರೆ ಅದೇ ಗಳಿಗೆಗೆ ಊರಿನ ದಾರಿ ಹಿಡಿಯಬೇಡಿ. ಯಶವಂತಪುರ ಇಲ್ಲವೇ ಮೆಜೆಸ್ಟಿಕ್ ಹತ್ತಿರ ಒಂದು ರೂಮಿನಲ್ಲಿ ಉಳಿಯಿರಿ. ಬೆಳಿಗ್ಗೆ 5.45ಕ್ಕೆ ಬೆಂಗಳೂರು ಬಿಡುವ ವಂದೇ ಭಾರತ್ ಮಧ್ಯಾಹ್ನದ ಊಟದ ಹೊತ್ತಿಗೆ ಹುಬ್ಬಳ್ಳಿಗೆ ತಂದು ಬಿಡುತ್ತದೆ. ಅದರ ಟಿಕೆಟನ್ನು ವಿಮಾನದ ಟಿಕೆಟ್ ಜೊತೆಗೇ ತೆಗೆದಿಡಿ, ರಜೆಯಲ್ಲಿ ಬೇಗ ತುಂಬುತ್ತದೆ. ವಾರದಲ್ಲಿ ಯಾವ ದಿನ ಅದು ಓಡುವುದಿಲ್ಲ ಎಂದೂ ನೋಡಿಕೊಳ್ಳಿ.